ನೀರಿನ ಟ್ಯಾಂಕ್ ನೀರಿನ ಕೆಲಸ ಅಲ್ವಾ? ಟೆಂಡರ್ ಜಗಳಗಳು ಹುಟ್ಟುವ ಜಾಗ

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕೆಲವು ವರ್ಷ ನಾನು ಸಣ್ಣ ಗುತ್ತಿಗೆದಾರರಿಗೆ ಟೆಂಡರ್ ಕಾಗದಪತ್ರ ಸಿದ್ಧ ಮಾಡಿಕೊಡುತ್ತಿದ್ದೆ. ಸರ್ಟಿಫಿಕೇಟ್ ಸ್ಕ್ಯಾನ್ ಮಾಡುವುದು, ಪೋರ್ಟಲ್‌ಗೆ ಏರಿಸುವುದು, ಇ.ಎಂ.ಡಿ. (ಟೆಂಡರ್ ಜೊತೆ ಇಡುವ ಠೇವಣಿ) ಕಟ್ಟಿಸುವುದು, ಡಿಜಿಟಲ್ ಸಹಿ ಹಾಕಿಸುವುದು. ಒಂದು ದಿನ ಒಬ್ಬ ಗುತ್ತಿಗೆದಾರರು ಮೊಬೈಲ್ ಮುಂದೆ ಹಿಡಿದುಕೊಂಡೇ ಒಳಗೆ ಬಂದರು. ಟೆಕ್ನಿಕಲ್ ಬಿಡ್, ಅಂದರೆ ಟೆಂಡರಿನ ಅರ್ಹತೆಯ ಭಾಗ, ತಿರಸ್ಕೃತ ಅಂತ ಬಂದಿತ್ತು. ಕಾರಣ ಒಂದೇ ಸಾಲು: ‘ಇದೇ ಮಾದರಿಯ ಕಾಮಗಾರಿಯ ಅನುಭವ ಇಲ್ಲ.’

ಅವರು ಅದುವರೆಗೆ ಎರಡು ಓವರ್‌ಹೆಡ್ ಟ್ಯಾಂಕ್ ಕಟ್ಟಿ ಮುಗಿಸಿದ್ದವರು. ಟೆಂಡರ್ ಕರೆದಿದ್ದು ಒಂದು ಹಳ್ಳಿಯ ಕುಡಿಯುವ ನೀರಿನ ಕೆಲಸಕ್ಕೆ. ಒಂದು ಟ್ಯಾಂಕ್, ಅಲ್ಲಿಂದ ಮನೆಮನೆಗೆ ಪೈಪ್‌ಲೈನ್. “ಸಾರ್, ನೀರಿನ ಟ್ಯಾಂಕ್ ನೀರಿನ ಕೆಲಸ ಅಲ್ವಾ?” ಅಂತ ಕೇಳಿದರು. ಇಬ್ಬರೂ ಕೂತು ಟೆಂಡರ್ ದಾಖಲೆಯನ್ನು ಮತ್ತೆ ಓದಿದೆವು. ‘ನೀರು ಸರಬರಾಜು ಅಥವಾ ಅದೇ ಮಾದರಿಯ ಕಾಮಗಾರಿ’ ಅಂತಷ್ಟೇ ಇತ್ತು. ಟ್ಯಾಂಕ್ ಒಂದಿದ್ದರೆ ಸಾಕೋ, ಪೈಪೂ ಬೇಕೋ, ಎರಡನ್ನೂ ಒಂದೇ ಗುತ್ತಿಗೆಯಲ್ಲಿ ಮಾಡಿರಬೇಕೋ, ಅದರ ಬಗ್ಗೆ ಒಂದಕ್ಷರ ಇರಲಿಲ್ಲ.

ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಪಕ್ಕದ ಊರಿನಲ್ಲಿ ಇನ್ನೊಬ್ಬರಿದ್ದರು, ಪೈಪ್‌ಲೈನ್ ಕೆಲಸ ಮಾತ್ರ ಮಾಡಿದ್ದವರು. ಅವರೂ ಅದೇ ಸಾಲನ್ನು ಓದಿದ್ದರು. ‘ಎರಡೂ ಬೇಕೇನೋ, ನಮಗೆ ಆಗಲ್ಲ’ ಅಂದುಕೊಂಡು ಟೆಂಡರ್ ಹಾಕಲೇ ಇಲ್ಲ. ಮೊದಲನೆಯವರಿಗೆ ಜಗಳ ಆಡಲು ಒಂದು ಕಾರಣವಾದರೂ ಸಿಕ್ಕಿತು. ಎರಡನೆಯವರಿಗೆ ತಾನು ಏನು ಕಳೆದುಕೊಂಡೆ ಅನ್ನುವುದೇ ತಿಳಿಯಲಿಲ್ಲ. ಈ ಲೇಖನವನ್ನು ಹೆಚ್ಚಾಗಿ ಆ ಎರಡನೆಯವರನ್ನು ನೆನೆದು ಬರೆಯುತ್ತಿದ್ದೇನೆ.

ಮೊದಲು ಟೆಂಡರ್ ನಡೆಯುವ ರೀತಿ ನೋಡೋಣ. ದೊಡ್ಡ ಕೆಲಸಗಳಿಗೆ ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ. ಈಗ ಲಕೋಟೆ ಕಾಗದದ್ದಲ್ಲ, ಪೋರ್ಟಲ್‌ನಲ್ಲಿ ಏರಿಸುವ ಫೈಲು, ಆದರೂ ಹೆಸರು ಉಳಿದಿದೆ. ಮೊದಲ ಲಕೋಟೆಯಲ್ಲಿ ನಿಮ್ಮ ಅರ್ಹತೆ: ಅನುಭವ, ವಹಿವಾಟು, ಯಂತ್ರಗಳು, ಠೇವಣಿ. ಅದರಲ್ಲಿ ಪಾಸಾದವರ ಎರಡನೇ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಅದರಲ್ಲಿ ದರ ಇರುತ್ತದೆ. ಕಡಿಮೆ ದರ ಕೊಟ್ಟವರು ಎಲ್-1, ಕೆಲಸ ಅವರಿಗೆ. ಕರ್ನಾಟಕದಲ್ಲಿ ಇದಕ್ಕೆಲ್ಲ 1999ರ ‘ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ’ ಆಧಾರ. ಎಲ್ಲರ ಬಾಯಲ್ಲಿ ಅದು ಕೆ.ಟಿ.ಪಿ.ಪಿ. ಕಾಯ್ದೆ. ಹಿಂದಿನ ವರ್ಷವಷ್ಟೇ, 1998ರಲ್ಲಿ, ತಮಿಳುನಾಡು ಇಂಥದ್ದೊಂದು ಕಾಯ್ದೆ ಮಾಡಿತ್ತು.

ದರದಲ್ಲಿ ಸೋತವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ. ಅದು ಲೆಕ್ಕ, ಕಣ್ಣಿಗೆ ಕಾಣುತ್ತದೆ. ಎರಡನೇ ಲಕೋಟೆ ತೆರೆಯುವ ಮೊದಲೇ ಹೊರಗೆ ಬಿದ್ದವರ ಹೊಟ್ಟೆಯುರಿ ಬೇರೆ. ತಮ್ಮ ದರವೇ ಕಡಿಮೆ ಇತ್ತೇನೋ ಅನ್ನುವ ಅನುಮಾನ ಅವರನ್ನು ಬಿಡುವುದಿಲ್ಲ. ಹಾಗಾಗಿ ಜಗಳಗಳಲ್ಲಿ ಬಹುಪಾಲು ಮೊದಲ ಲಕೋಟೆಯದ್ದು. ಅಲ್ಲಿ ಕಾದಾಟ ನಡೆಯುವುದು ಹಣದ ಮೇಲಲ್ಲ, ಪದಗಳ ಮೇಲೆ.

ಎಲ್ಲಕ್ಕಿಂತ ಜಾಸ್ತಿ ಜಗಳ ತಂದ ಪದ ಇದೇ: ‘ಸಿಮಿಲರ್ ವರ್ಕ್’, ಇದೇ ಮಾದರಿಯ ಕಾಮಗಾರಿ. ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರ್‌ನಲ್ಲೇ ಈ ಬಗ್ಗೆ ಒಂದು ಸೂಚನೆ ಹೊರಡಿಸಿತ್ತು. ಹಿಂದಿನ 7 ವರ್ಷದಲ್ಲಿ ಅಂದಾಜು ಮೊತ್ತದ ಶೇ. 40ರಷ್ಟರ 3 ಕೆಲಸ, ಇಲ್ಲವೇ ಶೇ. 50ರಷ್ಟರ 2, ಇಲ್ಲವೇ ಶೇ. 80ರಷ್ಟರ 1 ಕೆಲಸ ಮುಗಿಸಿರಬೇಕು ಅಂತ ಅಳತೆ ಕೊಟ್ಟಿತು. ಜೊತೆಗೆ ‘ಇದೇ ಮಾದರಿ’ ಅಂದರೆ ಏನು ಅಂತ ಸ್ಪಷ್ಟವಾಗಿ ಬರೆಯಿರಿ ಅಂತಲೂ ಹೇಳಿತು. ಕಚೇರಿಗಳು ಶೇಕಡಾ ಲೆಕ್ಕವನ್ನು ಚಾಚೂ ತಪ್ಪದೆ ಹಿಡಿದುಕೊಂಡವು. ಕೊನೆಯ ಸಾಲು ಮಾತ್ರ ಎಷ್ಟೋ ಕಡೆ ಬಿಟ್ಟುಹೋಯಿತು.

ಇದು ಹಳ್ಳಿಯ ಟ್ಯಾಂಕಿನ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ನಾಗಪುರ ಮೆಟ್ರೊ ಕಂಬಗಳ ಮೇಲಿನ ಮಾರ್ಗ ಕಟ್ಟಲು ಟೆಂಡರ್ ಕರೆಯಿತು. ಮೆಟ್ರೊ ಕಾಮಗಾರಿಯ ಅನುಭವ ಬೇಕು ಅನ್ನುವ ಷರತ್ತಿತ್ತು. ಚೀನಾದ ಒಂದು ಕಂಪನಿ ಭಾರತದ ಒಂದು ಕಂಪನಿಯ ಜೊತೆ ಸೇರಿ ಬಿಡ್ ಹಾಕಿತು. ಚೀನಾದ ಪರ್ಲ್ ನದಿ ಮುಖಜ ಭೂಮಿಯಲ್ಲಿ ಊರಿಂದ ಊರಿಗೆ ಓಡುವ ರೈಲಿನ ಮಾರ್ಗ ಕಟ್ಟಿದ ಅನುಭವ ಅವರದ್ದು. ಮೆಟ್ರೊ ನಿಗಮ ಅದನ್ನು ಒಪ್ಪಲಿಲ್ಲ. ಅದು ನಗರದೊಳಗಿನ ಮೆಟ್ರೊ ಅಲ್ಲ, ಊರುಗಳ ನಡುವಿನ ರೈಲು ಅಂದಿತು. ಬಾಂಬೆ ಹೈಕೋರ್ಟ್ ನಿಗಮದ ತೀರ್ಮಾನ ಸರಿಯಿಲ್ಲ ಎಂದಿತು. 2016ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ ನಿಗಮದ ಮಾತನ್ನೇ ಎತ್ತಿ ಹಿಡಿಯಿತು.

ಆ ತೀರ್ಪು ಹೇಳಿದ ಒಂದು ಮಾತು ಇಂದಿಗೂ ಹೆಚ್ಚುಕಡಿಮೆ ಪ್ರತಿಯೊಂದು ಟೆಂಡರ್ ಕೇಸಿನಲ್ಲಿ ಬರುತ್ತದೆ. ಟೆಂಡರ್ ದಾಖಲೆ ಬರೆದವರಿಗೇ ಅದರ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳುವ ಅರ್ಥ ಕೋರ್ಟಿಗೆ ಹಿಡಿಸದೇ ಇರಬಹುದು. ಅದೊಂದೇ ಕಾರಣಕ್ಕೆ ಕೋರ್ಟು ಕೈ ಹಾಕುವುದಿಲ್ಲ. ಕೆಟ್ಟ ಉದ್ದೇಶ ಇರಬೇಕು, ಇಲ್ಲವೇ ಆ ಅರ್ಥ ಯಾರೂ ಒಪ್ಪಲಾಗದಷ್ಟು ವಿಪರೀತವಾಗಿರಬೇಕು.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮಾಮೂಲಿ ಕರಾರುಗಳಲ್ಲಿ ನಿಯಮ ಉಲ್ಟಾ. ವಿಮಾ ಪಾಲಿಸಿಯಲ್ಲಿ ಒಂದು ಸಾಲಿಗೆ ಎರಡು ಅರ್ಥ ಬಂದರೆ, ಆ ಸಾಲನ್ನು ಬರೆದ ಕಂಪನಿಗೆ ವಿರುದ್ಧವಾದ ಅರ್ಥವನ್ನು ಕೋರ್ಟು ಹಿಡಿಯುತ್ತದೆ. ಬರೆದವರು ನೀವು, ಸರಿಯಾಗಿ ಬರೆಯದ ತಪ್ಪೂ ನಿಮ್ಮದೇ ಅನ್ನುವ ನ್ಯಾಯ ಅದು. ಟೆಂಡರ್‌ನಲ್ಲೂ ಹಾಗೇ ಆಗಬೇಕು ಅಂತ ನಮ್ಮಂಥವರಿಗೆ ಅನ್ನಿಸುತ್ತದೆ, ಅಲ್ವಾ? 2022ರಲ್ಲಿ ಆ ಪ್ರಶ್ನೆಯೂ ಸುಪ್ರೀಂ ಕೋರ್ಟಿಗೆ ಬಂತು. ನವೋದಯ ವಿದ್ಯಾಲಯ ಸಮಿತಿ ಮಕ್ಕಳಿಗೆ ಟ್ಯಾಬ್ಲೆಟ್ ಕೊಳ್ಳಲು ಟೆಂಡರ್ ಕರೆದಿತ್ತು. ‘ಅದೇ ಅಥವಾ ಅದೇ ವರ್ಗದ’ ಸಾಮಾನು ಹಿಂದೆ ಪೂರೈಸಿರಬೇಕಿತ್ತು. ಸ್ಮಾರ್ಟ್‌ಫೋನು ಟ್ಯಾಬ್ಲೆಟ್‌ನ ವರ್ಗಕ್ಕೆ ಸೇರುತ್ತದಾ ಅನ್ನುವುದೇ ಜಗಳ. ದೆಹಲಿ ಹೈಕೋರ್ಟ್ ಸೇರುತ್ತದೆ ಎಂದಿತು. ಸುಪ್ರೀಂ ಕೋರ್ಟ್ ಸಮಿತಿಯ ಮಾತನ್ನೇ ಒಪ್ಪಿ, ಸೇರುವುದಿಲ್ಲ ಅನ್ನುವುದನ್ನು ಉಳಿಸಿತು. ಬರೆದವರಿಗೆ ವಿರುದ್ಧ ಅರ್ಥ ಹಿಡಿಯುವ ನಿಯಮ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಇನ್ನೂ ಕರಾರೇ ಆಗಿಲ್ಲ ಅಂದಿತು.

ಹಾಗಾದರೆ ಸರ್ಕಾರ ಏನು ಬೇಕಾದರೂ ಬರೆದು, ಆಮೇಲೆ ಏನು ಬೇಕಾದರೂ ಅರ್ಥ ಹೇಳಬಹುದಾ? ಇಲ್ಲ. ಅದಕ್ಕೆ ಇದಕ್ಕಿಂತ ಹಳೆಯ ಒಂದು ಕೇಸು ನೋಡಬೇಕು. ನನಗೆ ಟೆಂಡರ್ ಕಾನೂನಿನಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಹತ್ತಿರವಾದ ಕೇಸು ಅದು.

1977ರ ಜನವರಿ 3. ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆಯ ಹೋಟೆಲು ಮತ್ತು ಎರಡು ತಿಂಡಿ ಅಂಗಡಿ ನಡೆಸಲು ವಿಮಾನ ನಿಲ್ದಾಣ ಪ್ರಾಧಿಕಾರ ಟೆಂಡರ್ ಕರೆಯಿತು. ‘ಕನಿಷ್ಠ 5 ವರ್ಷ ಅನುಭವ ಇರುವ, ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರು’ ಹಾಕಬಹುದು ಅಂತ ಪ್ರಕಟಣೆ. ಆರು ಟೆಂಡರ್ ಬಂದವು. ಐದು ಅರೆಬರೆ ತುಂಬಿದ್ದವು, ತಿಂಗಳಿಗೆ 400, 500 ರೂಪಾಯಿ ಕೊಡುತ್ತೇವೆ ಅಂದಿದ್ದವು. ಒಂದು ಮಾತ್ರ ಪೂರ್ತಿ ತುಂಬಿತ್ತು. ಅದರಲ್ಲಿ ತಿಂಗಳಿಗೆ 6,666 ರೂಪಾಯಿ 66 ಪೈಸೆ. ಆದರೆ ಹಾಕಿದವರು ಹೋಟೆಲಿನವರಲ್ಲ. ಕ್ಯಾಂಟೀನ್ ನಡೆಸುತ್ತಿದ್ದವರು. ಪ್ರಾಧಿಕಾರ ಅವರಿಗೇ ಕೊಟ್ಟಿತು.

ರಮಣ ದಯಾರಾಮ್ ಶೆಟ್ಟಿ ಎಂಬವರು ಕೋರ್ಟಿಗೆ ಹೋದರು. ಅವರು ಟೆಂಡರ್ ಹಾಕಿದವರಲ್ಲ. ಅವರ ವಾದ ಇಷ್ಟೇ: ಆ ಷರತ್ತು ಕೇಳುವ ಅರ್ಹತೆ ನನಗೂ ಇರಲಿಲ್ಲ, ಅದಕ್ಕೇ ನಾನು ಹಾಕಲಿಲ್ಲ. ಷರತ್ತನ್ನು ಬಿಟ್ಟುಬಿಡುತ್ತೀರಿ ಅಂತ ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ. ಪ್ರಾಧಿಕಾರದ ಉತ್ತರ ಏನಿತ್ತು ಗೊತ್ತಾ? ದರ್ಜೆ ಕೊಡುವುದು ಹೋಟೆಲಿಗೆ, ಹೋಟೆಲಿನವರಿಗಲ್ಲ. ‘ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರು’ ಅನ್ನುವವರು ಯಾರೂ ಇರಲು ಸಾಧ್ಯವಿಲ್ಲ. ಹಾಗಾಗಿ ಅದು ಕಟ್ಟುನಿಟ್ಟಿನ ಷರತ್ತಲ್ಲ, ಸುಮ್ನೆ ನಮಗೆ ಎಂಥವರು ಬೇಕು ಅಂತ ಸೂಚಿಸಿದ್ದು. ತಾನೇ ಬರೆದ ಸಾಲಿಗೆ ಅರ್ಥವಿಲ್ಲ ಅನ್ನುವುದನ್ನೇ ಸರ್ಕಾರಿ ಸಂಸ್ಥೆ ತನ್ನ ರಕ್ಷಣೆಗೆ ತಂದುಕೊಂಡಿತು.

ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರು 1979ರ ಮೇ ತಿಂಗಳಲ್ಲಿ ಬರೆದ ತೀರ್ಪಿನ ತಿರುಳು ಹೀಗೆ: ಸರ್ಕಾರ ಮನೆಯ ಯಜಮಾನನ ಹಾಗೆ ತನಗಿಷ್ಟ ಬಂದವರಿಗೆ ಕೆಲಸ ಕೊಡುವಂತಿಲ್ಲ. ತಾನೇ ಒಂದು ಅಳತೆ ಹಾಕಿಕೊಂಡ ಮೇಲೆ ಅದೇ ಅಳತೆಯಲ್ಲಿ ಎಲ್ಲರನ್ನೂ ಅಳೆಯಬೇಕು. ಕ್ಯಾಂಟೀನ್ ಅನುಭವ ಈ ಷರತ್ತನ್ನು ಪೂರೈಸುವುದಿಲ್ಲ. ಷರತ್ತು ಮೀರಿ ಕೊಟ್ಟಿದ್ದು ತಪ್ಪು.

ಆದರೂ ಶೆಟ್ಟಿ ಅವರಿಗೆ ಏನೂ ಸಿಗಲಿಲ್ಲ. 1977ರ ಏಪ್ರಿಲ್ 19ರಂದು ಟೆಂಡರ್ ಒಪ್ಪಿಗೆಯಾಗಿತ್ತು. ಅವರು ಕೋರ್ಟಿಗೆ ಹೋಗಿದ್ದು ನವೆಂಬರ್ 8ಕ್ಕೆ. ಅಷ್ಟರೊಳಗೆ ಕೆಲಸ ಪಡೆದವರು ಸುಮಾರು 1,25,000 ರೂಪಾಯಿ ಸುರಿದಿದ್ದರು. ಅರ್ಜಿಯ ಹಿಂದೆ ಬೇರೆಯವರ ಕೈ ಇದೆ ಅಂತಲೂ ಕೋರ್ಟಿಗೆ ಕಂಡಿತು. ಗುತ್ತಿಗೆ ಹಾಗೇ ಉಳಿಯಿತು. ನಿಯಮ ಗೆದ್ದಿತು, ಕೇಳಿದವರು ಸೋತರು. ತಡ ಮಾಡಿದರೆ ಸರಿ ಇದ್ದರೂ ಸೋಲುತ್ತೀರಿ ಅನ್ನುವುದನ್ನು ನಾನು ನಮ್ಮ ಗುತ್ತಿಗೆದಾರರಿಗೆ ಈ ಕಥೆ ಹೇಳಿಯೇ ತಿಳಿಸುತ್ತಿದ್ದೆ.

ಯಾವ ತಪ್ಪು ದೊಡ್ಡದು, ಯಾವುದು ಚಿಕ್ಕದು?

ಇನ್ನೊಂದು ಬಗೆಯ ಜಗಳ ಕಾಗದಪತ್ರದ್ದು. ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ಗುಜರಿ ಕಬ್ಬಿಣ ಮಾರಲು ಟೆಂಡರ್ ಕರೆದಿತ್ತು. ಠೇವಣಿಯನ್ನು ನಗದಾಗಿ ಇಲ್ಲವೇ ಸ್ಟೇಟ್ ಬ್ಯಾಂಕಿನ ಡ್ರಾಫ್ಟ್ ಮೂಲಕ ಕೊಡಬೇಕಿತ್ತು. ಒಬ್ಬರು ಯೂನಿಯನ್ ಬ್ಯಾಂಕ್ ದೃಢೀಕರಿಸಿದ ಚೆಕ್ ಕೊಟ್ಟರು. ಹಣಕ್ಕೆ ಯಾವ ಅಪಾಯವೂ ಇರಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಷರತ್ತುಗಳಲ್ಲಿ ಎರಡು ಜಾತಿ. ಅರ್ಹತೆಗೆ ಸಂಬಂಧಿಸಿದ ಮೂಲ ಷರತ್ತುಗಳನ್ನು ಬಿಡುವಂತಿಲ್ಲ. ಅವಕ್ಕೆ ಪೂರಕವಾದ ಸಣ್ಣ ಷರತ್ತುಗಳನ್ನು ಸಡಿಲಿಸಬಹುದು. ಚೆಕ್ಕಿನ ವಿಷಯ ಎರಡನೇ ಜಾತಿಗೆ ಸೇರಿದ್ದು ಅಂದಿತು.

ಅದಕ್ಕೂ ಒಂದು ವರ್ಷ ಮೊದಲು, 1990ರಲ್ಲಿ, ನಮ್ಮದೇ ಕರ್ನಾಟಕ ವಿದ್ಯುತ್ ನಿಗಮದ ಟೆಂಡರೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಯಾವ ದಾಖಲೆ ಯಾವ ಹಂತದಲ್ಲಿ ಕೊಡಬೇಕು ಅನ್ನುವುದು ಪ್ರಕಟಣೆಯಲ್ಲಿ ಗೋಜಲಾಗಿತ್ತು. ನಿಗಮ ಆ ಷರತ್ತನ್ನು ಪ್ರಾಮಾಣಿಕವಾಗಿ, ಎಲ್ಲರಿಗೂ ಒಂದೇ ರೀತಿ ಅರ್ಥಮಾಡಿಕೊಂಡು ನಡೆದಿದ್ದರೆ ತಪ್ಪಿಲ್ಲ, ಸಡಿಲಿಕೆ ಕೊಟ್ಟರೂ ಎಲ್ಲರಿಗೂ ಸಮನಾಗಿ ಕೊಡಬೇಕು ಅನ್ನುವ ದಾರಿ ಅಲ್ಲಿ ಸಿಕ್ಕಿತು.

ಇವೆರಡನ್ನು ಓದಿದವರಿಗೆ ಧೈರ್ಯ ಬರುತ್ತದೆ: ಸಣ್ಣ ತಪ್ಪಾದರೆ ಕೋರ್ಟಿದೆ. ಆದರೆ 2022ರಲ್ಲಿ ಜಾರ್ಖಂಡ್‌ನ ಒಂದು ರಸ್ತೆ ಕಾಮಗಾರಿಯ ಕೇಸಿನಲ್ಲಿ ಬ್ಯಾಂಕ್ ಗ್ಯಾರಂಟಿ ನಿಗದಿಪಡಿಸಿದ ನಮೂನೆಯಲ್ಲಿ ಇರಲಿಲ್ಲ ಅಂತ ಬಿಡ್ ತಳ್ಳಿದ್ದನ್ನು ಸುಪ್ರೀಂ ಕೋರ್ಟ್ ಸರಿ ಅಂದಿತು. ಒಂದು ಕಡೆ ಬ್ಯಾಂಕ್ ಬೇರೆಯಾದರೂ ನಡೆಯಿತು. ಇನ್ನೊಂದು ಕಡೆ ನಮೂನೆ ಬೇರೆಯಾಗಿದ್ದಕ್ಕೇ ಹೊರಗೆ. ವ್ಯತ್ಯಾಸ ಇಷ್ಟೇ: ಮೊದಲನೆಯದರಲ್ಲಿ ಕಚೇರಿ ತಾನಾಗಿ ಒಪ್ಪಿಕೊಂಡಿತ್ತು, ಎರಡನೆಯದರಲ್ಲಿ ಒಪ್ಪಲಿಲ್ಲ. ಅಂದರೆ ಚಿಕ್ಕ ತಪ್ಪೋ ದೊಡ್ಡ ತಪ್ಪೋ ಅನ್ನುವ ಮೊದಲ ಮಾತು ಮತ್ತೆ ಕಚೇರಿಯದ್ದೇ. ಇದು ನನಗೆ ಸರಿ ಕಾಣುವುದಿಲ್ಲ. ಯಾವ ಕೊರತೆಯಾದರೆ ಬಿಡ್ ರದ್ದು, ಯಾವುದನ್ನು ಎರಡು ದಿನದಲ್ಲಿ ಸರಿಪಡಿಸಬಹುದು ಅಂತ ದಾಖಲೆಯಲ್ಲೇ ಬರೆದುಬಿಟ್ಟರೆ ಈ ಕೇಸುಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.

ಲೆಕ್ಕದಲ್ಲೂ ಎರಡು ಅರ್ಥ

ಪದಗಳು ಬಿಡಿ, ಸೂತ್ರ ಕೊಟ್ಟರೆ ಜಗಳ ಇರುವುದಿಲ್ಲ ಅಂತ ಅನ್ನಿಸಬಹುದು. ಕರ್ನಾಟಕದ ಕಾಮಗಾರಿ ಟೆಂಡರ್‌ಗಳಲ್ಲಿ ‘ಬಿಡ್ ಕೆಪ್ಯಾಸಿಟಿ’ ಅಂತ ಒಂದು ಲೆಕ್ಕ ಇರುತ್ತದೆ. ಒಬ್ಬರೇ ಗುತ್ತಿಗೆದಾರರು ಕೈ ಮೀರಿ ಕೆಲಸ ಹಿಡಿಯಬಾರದು ಅನ್ನುವುದು ಇದರ ಉದ್ದೇಶ, ಒಳ್ಳೆಯ ಉದ್ದೇಶ. ಸೂತ್ರ ಹೀಗೆ: ಹಿಂದಿನ 5 ವರ್ಷಗಳಲ್ಲಿ ಯಾವ ವರ್ಷ ಅತಿ ಹೆಚ್ಚು ಕೆಲಸ ಮಾಡಿದಿರೋ ಆ ಮೊತ್ತವನ್ನು, ಈ ಕೆಲಸ ಮುಗಿಸಲು ಕೊಟ್ಟ ವರ್ಷಗಳಿಂದ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿ. ಅದರಲ್ಲಿ ಈಗ ಕೈಯಲ್ಲಿರುವ ಕೆಲಸಗಳ ಬಾಕಿ ಮೊತ್ತವನ್ನು ಕಳೆಯಿರಿ. ಉಳಿದದ್ದು ಟೆಂಡರ್ ಮೊತ್ತಕ್ಕಿಂತ ಜಾಸ್ತಿ ಇರಬೇಕು.

ಒಂದು ಉದಾಹರಣೆ ಕಟ್ಟೋಣ. ನಿಮ್ಮ ಒಳ್ಳೆಯ ವರ್ಷದ ಕೆಲಸ 4 ಕೋಟಿ. ಕೈಯಲ್ಲಿ ಬಾಕಿ ಇರುವುದು 3 ಕೋಟಿ. ಹೊಸ ಟೆಂಡರ್ 2 ಕೋಟಿಯದ್ದು. ಅವಧಿ ‘9 ತಿಂಗಳು, ಮಳೆಗಾಲ ಬಿಟ್ಟು’. ಈಗ ವರ್ಷ ಎಷ್ಟು ಅಂತ ಹಾಕುತ್ತೀರಿ? 9 ತಿಂಗಳು ಅಂದರೆ ಮುಕ್ಕಾಲು ವರ್ಷ. 4ನ್ನು 0.75ರಿಂದ, ಮತ್ತೆ 1.5ರಿಂದ ಗುಣಿಸಿದರೆ 4.5 ಕೋಟಿ. 3 ಕಳೆದರೆ ಒಂದೂವರೆ ಕೋಟಿ. ನೀವು ಫೇಲು. ಮಳೆಗಾಲದ 3 ತಿಂಗಳು ಸೇರಿಸಿ ನೋಡಿ. ಸೈಟಿನಲ್ಲಿ ನಿಮಗೆ ನಿಜವಾಗಿ ಸಿಗುವುದು 12 ತಿಂಗಳು, ಒಂದು ವರ್ಷ. 4 ಗುಣಿಸು 1 ಗುಣಿಸು 1.5 ಅಂದರೆ 6 ಕೋಟಿ. 3 ಕಳೆದರೆ 3 ಕೋಟಿ. ನೀವು ಪಾಸು. ಅದೇ ಮನುಷ್ಯ, ಅದೇ ಜೆಸಿಬಿ, ಅದೇ ಮೇಸ್ತ್ರಿಗಳು. ಬದಲಾಗಿದ್ದು ಮಳೆಗಾಲವನ್ನು ಎಣಿಸಿದ ರೀತಿ ಮಾತ್ರ. ಬಾಕಿ ಕೆಲಸದ ಲೆಕ್ಕದಲ್ಲೂ ಇಂಥದ್ದೇ ತೊಡಕುಗಳಿವೆ. ಬಿಲ್ ಆದ ಕೆಲಸವನ್ನು ಕಳೆಯಬೇಕೋ, ಮುಗಿದು ಬಿಲ್ ಆಗದ್ದನ್ನೂ ಕಳೆಯಬೇಕೋ? ಬಿಲ್ ತಿಂಗಳುಗಟ್ಟಲೆ ತಡವಾಗುವ ಕಡೆ ಇದೇನು ಸಣ್ಣ ಪ್ರಶ್ನೆಯಲ್ಲ.

ದರ ಬರೆಯುವಲ್ಲಿನ ತಪ್ಪುಗಳಿಗೆ ಮಾತ್ರ ಹಳೆಯ ದಾಖಲೆಗಳಲ್ಲೇ ಸ್ಪಷ್ಟ ಉತ್ತರ ಇದೆ. ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದದ್ದು ಲೆಕ್ಕ. ಬಿಡಿ ದರಕ್ಕೂ ಒಟ್ಟು ಮೊತ್ತಕ್ಕೂ ಹೊಂದದಿದ್ದರೆ ಬಿಡಿ ದರ ಲೆಕ್ಕ. ಪಶ್ಚಿಮ ಬಂಗಾಳದ ಪುರುಲಿಯಾ ಜಲವಿದ್ಯುತ್ ಯೋಜನೆಯಲ್ಲಿ ಒಂದು ದೊಡ್ಡ ಕಂಪನಿಯ ಬಿಡಿ ದರಗಳಲ್ಲಿ ಸಾಲುಸಾಲು ತಪ್ಪುಗಳಾಗಿದ್ದವು. ಬಿಡ್ ತೆರೆದ ಮೇಲೆ ತಿದ್ದಿಕೊಳ್ಳುತ್ತೇವೆ ಅಂದರು. 2001ರಲ್ಲಿ ಸುಪ್ರೀಂ ಕೋರ್ಟ್ ಆಗುವುದಿಲ್ಲ ಅಂದಿತು. ನಿಯಮ ಮೊದಲೇ ಸ್ಪಷ್ಟವಾಗಿತ್ತು, ಎಲ್ಲರಿಗೂ ಒಂದೇ ಆಗಿತ್ತು. ಸೋತವರಿಗೆ ನೋವಾಗಿರಬಹುದು, ಆದರೆ ಮೋಸವಾಯಿತು ಅನ್ನಲು ಜಾಗ ಇರಲಿಲ್ಲ.

ಆಟ ಶುರುವಾದ ಮೇಲೆ ಬಂದ ನಿಯಮ

ಅಸ್ಪಷ್ಟ ನಿಯಮಕ್ಕಿಂತ ಕೆಟ್ಟದ್ದು ಕಾಣದ ನಿಯಮ. ಅಸ್ಸಾಂನಲ್ಲಿ ಅಬಕಾರಿ ಇಲಾಖೆ ಸ್ಪಿರಿಟ್ ಸಗಟು ಪೂರೈಕೆಗೆ ಟೆಂಡರ್ ಕರೆಯಿತು. ಒಬ್ಬರು ಲೀಟರಿಗೆ 11.14 ರೂಪಾಯಿ ದರ ಹಾಕಿದರು. ಟೆಂಡರ್ ತೆರೆದ ಮೇಲೆ ಇಲಾಖೆ ಒಂದು ಹೊಸ ಮಾತು ತಂದಿತು: 14.72ರಿಂದ 15.71 ರೂಪಾಯಿ ಒಳಗಿದ್ದರೆ ಮಾತ್ರ ಈ ವ್ಯಾಪಾರ ನಡೆಸಲು ಸಾಧ್ಯ. ಈ ಗಡಿ ಪ್ರಕಟಣೆಯಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ಕೆಲಸವನ್ನು 11.14 ಹಾಕಿದವರಿಗೇ, ಹೆಚ್ಚಿನ ದರಕ್ಕೆ ಕೊಡಲು ಹೊರಟರು. ಆ ಗಡಿ ಮೊದಲೇ ಗೊತ್ತಿದ್ದರೆ ಉಳಿದವರೂ ಅದರೊಳಗೇ ದರ ಹಾಕುತ್ತಿದ್ದರು. ಸುಪ್ರೀಂ ಕೋರ್ಟ್ ಇಡೀ ಪ್ರಕ್ರಿಯೆಯನ್ನೇ ಬದಿಗಿಟ್ಟು ಹೊಸದಾಗಿ ಟೆಂಡರ್ ಕರೆಯಲು ಹೇಳಿತು.

ಮುಂಬೈ ಪಕ್ಕದ ಉಲ್ಲಾಸನಗರ ಪಾಲಿಕೆ ಆಕ್ಟ್ರಾಯ್ (ಊರೊಳಗೆ ಬರುವ ಸರಕಿನ ಮೇಲಿನ) ಸುಂಕ ವಸೂಲಿಗೆ ಟೆಂಡರ್ ಕರೆದಾಗಲೂ ಹೀಗೇ. ಟೆಂಡರ್ ಹಾಕುವ ಗಡುವು ಮುಗಿದ ಮೇಲೆ ಒಂದು ಅರ್ಹತಾ ಷರತ್ತನ್ನು ಕಿತ್ತುಹಾಕಿದರು. ಆ ಷರತ್ತು ನೋಡಿಯೇ ಹಿಂದೆ ಸರಿದವರ ಗತಿ ಏನು? 2000ದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಆಟ ಶುರುವಾದ ಮೇಲೆ ನಿಯಮ ಬದಲಿಸಿದ ಹಾಗೆ ಅಂದು, ಮತ್ತೆ ಟೆಂಡರ್ ಕರೆಯಿಸಿತು. ಕೋರ್ಟು ಯಾವಾಗ ಗಟ್ಟಿಯಾಗಿ ಮಧ್ಯೆ ಬರುತ್ತದೆ ಅನ್ನುವುದು ಇಲ್ಲಿ ಕಾಣುತ್ತದೆ. ಬರೆದ ಸಾಲಿಗೆ ಕಚೇರಿ ಹೇಳುವ ಅರ್ಥವನ್ನು ಕೋರ್ಟು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬರೆಯದ ಸಾಲನ್ನು ಸೇರಿಸಿದರೆ, ಬರೆದದ್ದನ್ನು ಮಧ್ಯದಲ್ಲಿ ಅಳಿಸಿದರೆ, ಒಬ್ಬರಿಗೆ ಒಂದು ಅರ್ಥ ಇನ್ನೊಬ್ಬರಿಗೆ ಇನ್ನೊಂದು ಅರ್ಥ ಮಾಡಿದರೆ ಮುಟ್ಟುತ್ತದೆ.

ಇಷ್ಟು ಗೊಂದಲದ ಸಾಲುಗಳು ಎಲ್ಲಿಂದ ಬರುತ್ತವೆ? ಯಾರೋ ಬೇಕಂತಲೇ ತಮ್ಮವರಿಗೆ ಅಳತೆ ತೆಗೆದು ಹೊಲಿದ ಷರತ್ತುಗಳು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ 50 ಕೋಟಿ ಮೀರಿದ ಟೆಂಡರ್‌ಗಳನ್ನು ಕರೆಯುವ ಮೊದಲೇ ಪರಿಶೀಲಿಸಲು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದಲ್ಲಿ 2022ರಲ್ಲಿ ಸಮಿತಿ ಮಾಡಬೇಕಾಗಿ ಬಂದಿದ್ದು ಆ ಅನುಮಾನದಿಂದಲೇ. ಆದರೆ ನಾನು ನೋಡಿದ ಸಣ್ಣ ಟೆಂಡರ್‌ಗಳಲ್ಲಿ ಬಹುಪಾಲು ಗೊಂದಲದ ಮೂಲ ಹಳೆಯ ಫೈಲು. ರಸ್ತೆ ಟೆಂಡರಿನ ದಾಖಲೆ ತೆಗೆದು, ಕಾಮಗಾರಿಯ ಹೆಸರು ಬದಲಿಸಿ, ಅಂಗನವಾಡಿ ಕಟ್ಟಡಕ್ಕೆ ಹಾಕಿರುತ್ತಾರೆ. ಅಂಗನವಾಡಿ ಕಟ್ಟಲು ಡಾಂಬರು ಪ್ಲಾಂಟ್ ಬೇಕು ಅನ್ನುವ ಷರತ್ತನ್ನು ನಾನೇ ಕಣ್ಣಾರೆ ಓದಿದ್ದೇನೆ. ಬರೆದವರಿಗೆ ದುರುದ್ದೇಶ ಇರಲಿಲ್ಲ, ಸಮಯ ಇರಲಿಲ್ಲ. ಮಾರ್ಚ್ ಒಳಗೆ ಅನುದಾನ ಖರ್ಚಾಗಬೇಕು, ಮೇಲಿನಿಂದ ಫೋನು. ಅದರ ಬೆಲೆ ತೆರುವವರು ಬೇರೆ. ಆ ಮಕ್ಕಳು ಇನ್ನೊಂದು ವರ್ಷ ಬಾಡಿಗೆ ಕೋಣೆಯಲ್ಲೇ ಕೂರುತ್ತಾರೆ.

ಕೇಳುವ ಹೊತ್ತು

ಇದೆಲ್ಲ ತಿಳಿದ ಮೇಲೆ ಮಾಡುವುದೇನು? ಅರ್ಥ ಹೇಳುವ ಹಕ್ಕು ಬರೆದವರದ್ದೇ ಆದರೆ, ಆ ಅರ್ಥವನ್ನು ಬಿಡ್ ಹಾಕುವ ಮೊದಲೇ ಅವರ ಬಾಯಿಂದ, ಬರಹದಲ್ಲಿ ಹೊರಡಿಸಬೇಕು. ಅದಕ್ಕೆ ಇರುವ ಜಾಗ ಪ್ರೀ-ಬಿಡ್ ಸಭೆ ಮತ್ತು ಸ್ಪಷ್ಟೀಕರಣ ಕೇಳುವ ಅವಕಾಶ. ಟೆಂಡರ್ ದಾಖಲೆಯಲ್ಲಿ ಪ್ರಶ್ನೆ ಕಳಿಸಲು ಕೊನೆಯ ದಿನ ಇರುತ್ತದೆ. ಉತ್ತರ ಎಲ್ಲರಿಗೂ ಹೋಗಬೇಕು, ಕೇಳಿದವರಿಗೆ ಮಾತ್ರ ಅಲ್ಲ. ಷರತ್ತೇ ಬದಲಾದರೆ ತಿದ್ದೋಲೆ ಹೊರಡಬೇಕು. ನಮ್ಮವರು ಪ್ರೀ-ಬಿಡ್ ಸಭೆಗೆ ಹೋಗುವುದೇ ಕಡಿಮೆ. ಹೋದರೂ ಇಂಜಿನಿಯರ್ ಸಾಹೇಬರ ಮುಂದೆ ಬಾಯಿ ಬಿಡುವುದಿಲ್ಲ. ಪ್ರಶ್ನೆ ಕೇಳಿದರೆ ಮುಂದೆ ಬಿಲ್ ಮಾಡುವಾಗ ಸತಾಯಿಸುತ್ತಾರೆ ಅನ್ನುವ ಭಯ. ಆ ಭಯ ಸುಳ್ಳು ಅಂತ ನಾನು ಹೇಳಲಾರೆ. ಅದಕ್ಕೇ ಪ್ರಶ್ನೆಯನ್ನು ಬರಹದಲ್ಲಿ, ದೂರಿನ ಧಾಟಿ ಇಲ್ಲದೆ, ಒಂದೇ ಸಾಲಿನಲ್ಲಿ ಕಳಿಸಿ ಅನ್ನುತ್ತಿದ್ದೆ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲಿ ಬಂದ ಉತ್ತರ ನಾಳೆ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಇದನ್ನು ಕಾನೂನಿನ ಮಟ್ಟಕ್ಕೇ ಒಯ್ದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಅಲ್ಕಟ್ರಾಜ್ ದ್ವೀಪಕ್ಕೆ ದೋಣಿ ಓಡಿಸುವ ಗುತ್ತಿಗೆಯ ಕೇಸಿನಲ್ಲಿ 2007ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಹೇಳಿತು: ಷರತ್ತಿನ ದೋಷ ಕಣ್ಣಿಗೆ ಕಾಣುವಂತಿದ್ದರೆ ಬಿಡ್ ಮುಗಿಯುವ ಮೊದಲೇ ಆಕ್ಷೇಪಿಸಿ. ಸೋತ ಮೇಲೆ ಅದನ್ನು ಎತ್ತುವಂತಿಲ್ಲ. ನಮ್ಮಲ್ಲಿ ಇಷ್ಟು ಕಟ್ಟುನಿಟ್ಟಾದ ನಿಯಮ ಇಲ್ಲ. ಆದರೆ ಷರತ್ತನ್ನು ಒಪ್ಪಿ ಟೆಂಡರ್ ಹಾಕಿ, ಸೋತ ಮೇಲೆ ಅದೇ ಷರತ್ತನ್ನು ಬೈಯುವವರನ್ನು ನಮ್ಮ ನ್ಯಾಯಾಧೀಶರೂ ಅನುಮಾನದಿಂದಲೇ ನೋಡುತ್ತಾರೆ.

ಟೆಂಡರ್ ಒಪ್ಪಿಗೆಯ ಆದೇಶ ಬಂದ ಮೇಲೆ ಅನ್ಯಾಯವಾಗಿದೆ ಅನ್ನಿಸಿದರೆ ಕೆ.ಟಿ.ಪಿ.ಪಿ. ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಮೇಲ್ಮನವಿ ಇದೆ. ಆದೇಶ ಕೈಗೆ ಸಿಕ್ಕ 30 ದಿನದೊಳಗೆ ಹಾಕಬೇಕು. ಒಪ್ಪಿಗೆ ಕೊಟ್ಟಿದ್ದು ಸರ್ಕಾರವೇ ಆಗಿದ್ದರೆ ಈ ದಾರಿ ಇಲ್ಲ, ಹೈಕೋರ್ಟಿಗೇ ಹೋಗಬೇಕು. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ನಿಮ್ಮ ಜಿಲ್ಲೆಗೆ ಯಾವುದೋ ಅಲ್ಲಿ. ಅಲ್ಲಿ ಕೆಲಸಕ್ಕೆ ತಡೆ ಸಿಗುವುದು ಈಗ ಕಷ್ಟ. 2018ರಲ್ಲಿ ಒಂದು ಕಾನೂನು ತಿದ್ದುಪಡಿ ಬಂದು, ರಸ್ತೆ, ನೀರು, ವಿದ್ಯುತ್‌ನಂಥ ಮೂಲಸೌಕರ್ಯ ಯೋಜನೆಗಳು ತಡವಾಗುವಂಥ ತಡೆಯಾಜ್ಞೆ ಕೊಡಬಾರದು ಅಂತಾಯಿತು. ಜಾರ್ಖಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೆನಪಿಸಿ, ತಪ್ಪಾಗಿದ್ದರೆ ಪರಿಹಾರದ ಹಣ ಕೊಡಿಸುವುದು ಮೇಲು, ಕೆಲಸ ನಿಲ್ಲಿಸುವುದು ಬೇಡ ಅನ್ನುವ ದಾರಿ ಹಿಡಿಯಿತು. ರಸ್ತೆಗಾಗಿ ಕಾಯುವ ಊರಿನ ಕಡೆಯಿಂದ ನೋಡಿದರೆ ಅದು ಸರಿಯೇ. ಆದರೆ ಅದರಿಂದ ಮುಂಚಿತವಾಗಿ ಕೇಳುವುದರ ತೂಕ ಇನ್ನೂ ಹೆಚ್ಚಾಯಿತು.

ಅಧಿಕಾರಿಗಳಿಗೂ ಒಂದು ಮಾತು. ‘ಅಲ್ಪಾವಧಿ ಟೆಂಡರ್’ ಅಂತ ದಿನ ಕಡಿಮೆ ಮಾಡಿದಾಗ ಮೊದಲು ಸಾಯುವುದು ಈ ಪ್ರಶ್ನೆ ಕೇಳುವ ಅವಕಾಶ. ಅವಧಿ ಕಡಿಮೆ ಮಾಡಲು ಮೇಲಿನ ಅಧಿಕಾರಿ ಲಿಖಿತ ಕಾರಣ ಕೊಡಬೇಕು ಅಂತ ನಿಯಮವೇ ಇದೆ. ಆ ಕಾರಣ ಬರೆಯುವ ಹೊತ್ತಿನಲ್ಲಿ ಷರತ್ತುಗಳನ್ನೊಮ್ಮೆ, ಟೆಂಡರ್ ಹಾಕುವವರ ಜಾಗದಲ್ಲಿ ಕೂತು ಓದಿ ನೋಡಬಹುದು.

ನಮ್ಮ ಟ್ಯಾಂಕಿನವರು ಕೋರ್ಟಿಗೆ ಹೋಗಲಿಲ್ಲ. ವಕೀಲರ ಫೀಸು ಕೇಳಿ ಸುಮ್ಮನಾದರು. ಮರುವರ್ಷ ಅಂಥದ್ದೇ ಇನ್ನೊಂದು ಟೆಂಡರ್ ಬಂತು, ಅದೇ ಸಾಲು, ಅದೇ ‘ಮಾದರಿ’. ಈ ಸಲ ನಾವು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕಳಿಸಿದೆವು: ‘ಇದೇ ಮಾದರಿಯ ಕಾಮಗಾರಿ ಅಂದರೆ ಓವರ್‌ಹೆಡ್ ಟ್ಯಾಂಕ್ ಮಾತ್ರ, ಅಥವಾ ಪೈಪ್‌ಲೈನ್ ಮಾತ್ರ ಮಾಡಿದ್ದರೆ ಸಾಕೇ? ದಯವಿಟ್ಟು ತಿಳಿಸಿ.’ ಆರನೇ ದಿನಕ್ಕೆ ತಿದ್ದೋಲೆ ಬಂತು. ‘ಎರಡರಲ್ಲಿ ಯಾವುದಾದರೂ ಒಂದು.’ ನಾನು ಪಕ್ಕದ ಊರಿನ ಪೈಪ್‌ಲೈನ್‌ನವರಿಗೆ ಫೋನ್ ಮಾಡಿದೆ. “ಹಾಗಾದ್ರೆ ನಾನೂ ಹಾಕಬಹುದಾ ಸಾರ್?” ಅಂತ ಎರಡು ಸಲ ಕೇಳಿದರು. ಸಂಜೆ ಐದು ಗಂಟೆಗೆ ವರ್ಕ್ ಡನ್ ಸರ್ಟಿಫಿಕೇಟ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು, ಬೈಕಿನಲ್ಲಿ ಬಂದರು.